ಗುಂಪಿನ ಲೆಕ್ಕ, ಒಬ್ಬರ ಮೂತ್ರಪಿಂಡ

‘ಶೇಕಡಾ ಲೆಕ್ಕವೆಲ್ಲ ಗುಂಪಿಗೆ. ನಿಮ್ಮ ಪಾಲಿಗೆ ಆದರೆ ನೂರು, ಆಗದಿದ್ದರೆ ಸೊನ್ನೆ.’ ಕಾಯಿಲೆಯವರ ಮುಂದೆ ಹೀಗಂದು, ದೊಡ್ಡ ಸತ್ಯ ಹೇಳಿದೆನೆಂಬಂತೆ ಕೂರುವವರನ್ನು ಕಂಡರೆ ನನಗೆ ರೇಗುತ್ತದೆ.

ಅಕ್ಕನ ಎಡ ಮೂತ್ರಪಿಂಡದಲ್ಲಿ ಗಡ್ಡೆ ಕಂಡಾಗ ಭಾವ ಆಡಿದ್ದೂ ಇದೇ ಮಾತು. ಸರ್ಜನ್ನರು ಸಿ.ಟಿ. ಚಿತ್ರದ ಮೇಲೆ ಪೆನ್ನಿನ ತುದಿ ಆಡಿಸುತ್ತ ವಿವರಿಸಿದ್ದರು: ಗಡ್ಡೆಯ ಅಳತೆ ಎಷ್ಟು, ಎಷ್ಟು ಭಾಗ ಹೊರಗೆ ಉಬ್ಬಿದೆ, ಮೂತ್ರ ಶೇಖರವಾಗುವ ಜಾಗಕ್ಕೆ ಎಷ್ಟು ಹತ್ತಿರ. ಇವಕ್ಕೆಲ್ಲ ಅಂಕ ಕೊಟ್ಟು ಕೂಡುವ ‘ರೀನಲ್ ಸ್ಕೋರ್’ 2009ರಲ್ಲಿ ಅಮೆರಿಕದಲ್ಲಿ ಬಂತು; ಮೊತ್ತ 4ರಿಂದ 12. ಶಸ್ತ್ರಚಿಕಿತ್ಸೆ ಎಂದರೆ ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ, ರಕ್ತನಾಳಕ್ಕೆ ಕ್ಲಿಪ್ ಹಾಕಿ, ಗಡ್ಡೆಯನ್ನಷ್ಟೇ ಕತ್ತರಿಸಿ, ಹೊಲಿದು, ಕ್ಲಿಪ್ ಬಿಡಬೇಕು. ಅಷ್ಟು ಹೊತ್ತೂ ಮೂತ್ರಪಿಂಡಕ್ಕೆ ರಕ್ತವಿಲ್ಲ. 25 ನಿಮಿಷದೊಳಗೆ ಮುಗಿಸುವುದು ವಾಡಿಕೆಯ ಗುರಿ. ಅಕ್ಕನಿಗೆ ಸಕ್ಕರೆ ಕಾಯಿಲೆಯೂ ಇರುವುದರಿಂದ ಆಮೇಲೆ, ಮೂತ್ರಪಿಂಡ ರಕ್ತ ಸೋಸುವ ಪ್ರಮಾಣದ ಅಂದಾಜಾದ ಇಜಿಎಫ್ಆರ್ 60ರ ಕೆಳಗೆ ಇಳಿಯುವ ಸಂಭವ ಇಂತಿಷ್ಟು ಎಂದು ಅವರು ಒಂದು ಶೇಕಡಾ ಹೇಳಿದರು.

ಹಣೆಬರಹದವರನ್ನು ಬಿಡಿ. ಸಂಭವವೆಂದರೆ ನಮ್ಮ ನಂಬಿಕೆಯ ಪ್ರಮಾಣ ಅಷ್ಟೇ ಎನ್ನುವವರನ್ನೂ ಬಿಡಿ. ಭಾವನ ಮಾತಿಗೆ ನಿಜವಾದ ಬೆನ್ನೆಲುಬು ಕೊಟ್ಟವನು ಗಣಿತಜ್ಞ ರಿಚರ್ಡ್ ಫಾನ್ ಮೀಸಸ್. 1928ರ ತನ್ನ ಪುಸ್ತಕದಲ್ಲಿ ಅವನು ಖಡಾಖಂಡಿತವಾಗಿ ವಾದಿಸಿದ: ನಲವತ್ತರ ಆಸುಪಾಸಿನ ವಿಮೆದಾರರ ಗುಂಪಿನಲ್ಲಿ ಸಾವಿನ ಸಂಭವ ಎಂದರೆ ಅರ್ಥವಿದೆ, ಅವರಲ್ಲೊಬ್ಬನ ಸಾವಿನ ಸಂಭವ ಎಂದರೆ ಅರ್ಥವೇ ಇಲ್ಲ. ಯಾಕೆಂದರೆ ಒಬ್ಬನೇ ಮನುಷ್ಯ ಹತ್ತು ಗುಂಪಿಗೆ ಸೇರುತ್ತಾನೆ, ಗುಂಪಿಗೊಂದು ಸಂಖ್ಯೆ.

ಇದು ನಿಜ, ಒಪ್ಪುತ್ತೇನೆ. ಅಕ್ಕನ ವಯಸ್ಸಿನ ಹೆಂಗಸರಲ್ಲಿ ಒಂದು ಲೆಕ್ಕ, ಸಕ್ಕರೆ ಕಾಯಿಲೆಯವರಲ್ಲಿ ಇನ್ನೊಂದು, ಇದೇ ಸರ್ಜನ್ನರ ಕೈಗೆ ಬಂದವರಲ್ಲಿ ಮತ್ತೊಂದು. ಸೋಸುತ್ತ ಹೋದರೆ ಕೊನೆಗೆ ಉಳಿಯುವುದು ಅಕ್ಕ ಒಬ್ಬಳೇ. ಒಬ್ಬರ ಗುಂಪಿನಲ್ಲಿ ಶೇಕಡಾ ಎಲ್ಲಿಂದ ಬರಬೇಕು?

ಆದರೆ ಮೀಸಸ್ ವಿಮಾ ಕಂಪನಿಗೆ ಕೊಟ್ಟ ಹಕ್ಕನ್ನು ಅಕ್ಕನಿಗೆ ಯಾಕೆ ಕೊಡಲಿಲ್ಲ? ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವಳು ಅವಳು. ಗುಂಪಿನ ಅನುಭವ ಒಬ್ಬರಿಗೆ ಸಲ್ಲದು ಎಂದಾದರೆ ವೈದ್ಯರು ಯಾರಿಗೂ ಒಂದು ಮಾತ್ರೆ ಬರೆದುಕೊಡುವಂತಿಲ್ಲ. ಆ ಸಂಖ್ಯೆ ಅಕ್ಕನ ಮೂತ್ರಪಿಂಡದೊಳಗೆ ಕೂತಿರುವ ಗುಣವಲ್ಲ. ಮುಂದೆ ಏನು ಮಾಡಬೇಕೆಂಬುದಕ್ಕೆ ಆಧಾರ. ಆಧಾರಕ್ಕೆ ಅಷ್ಟು ಸಾಕು.

ಇಲ್ಲಿಗೆ ವಾದ ಮುಗಿಯಬೇಕಿತ್ತು, ಶಸ್ತ್ರಚಿಕಿತ್ಸೆ ಬಿಡುವುದಿಲ್ಲ. ದಾಳಕ್ಕೆ ನಮ್ಮ ಲೆಕ್ಕ ಗೊತ್ತಿರುವುದಿಲ್ಲ, ಸರ್ಜನ್ನರಿಗೆ ಗೊತ್ತಿರುತ್ತದೆ. ಅಪಾಯ ಹೆಚ್ಚೆಂದು ಕಂಡರೆ ಅವರು ನಾಳದ ಒಂದು ಕವಲಿಗಷ್ಟೇ ಕ್ಲಿಪ್ ಹಾಕಬಹುದು, ಕ್ಲಿಪ್ಪೇ ಹಾಕದಿರಬಹುದು, ಗಡ್ಡೆ ಚಿಕ್ಕದಿದ್ದರೆ ಸ್ವಲ್ಪ ಕಾಲ ನೋಡೋಣ ಎನ್ನಬಹುದು. ನಿಮಿಷದ ಲೆಕ್ಕಕ್ಕಿಂತ ಉಳಿಸಿಕೊಂಡ ಆರೋಗ್ಯವಂತ ಭಾಗದ ಪ್ರಮಾಣವೇ ಮುಖ್ಯ ಎಂಬುದು ಈಚಿನ ಹಲವರ ತಿಳುವಳಿಕೆ. ಅದು ಕತ್ತರಿ ಹಿಡಿದ ಕೈಯ, ಹಾಕಿದ ಹೊಲಿಗೆಯ ವಿಷಯ. ಅಂದರೆ ಭವಿಷ್ಯ ನುಡಿದವರೇ ಆ ಭವಿಷ್ಯವನ್ನು ಬದಲಿಸುತ್ತಿದ್ದಾರೆ. ಇದಕ್ಕೆ ಮೀಸಸನ ಗುಂಪೂ ಸಾಲದು, ‘ಆಧಾರ’ ಎಂಬ ನನ್ನ ಸಮಾಧಾನವೂ ಸಾಲದು.

ಇನ್ನೂ ಒಂದು ತೊಡಕಿದೆ: ಸಂಖ್ಯೆ ಹೇಳುವುದು ಒಂದು, ರೋಗಿಗೆ ಬೇಕಾದ ಉತ್ತರ ಇನ್ನೊಂದು. ಯುರೋಪಿನ ಸಂಸ್ಥೆಯೊಂದರ ಮುಂದಾಳತ್ವದಲ್ಲಿ 541 ರೋಗಿಗಳನ್ನು ಸೇರಿಸಿ ನಡೆದ, 2011ರಲ್ಲಿ ಪ್ರಕಟವಾದ ಪ್ರಯೋಗವೊಂದು ಗಡ್ಡೆಯನ್ನಷ್ಟೇ ತೆಗೆಯುವುದನ್ನೂ ಇಡೀ ಮೂತ್ರಪಿಂಡ ತೆಗೆಯುವುದನ್ನೂ ಹೋಲಿಸಿತು. ಅದು ಹೊಟ್ಟೆ ಕೊಯ್ದು ಮಾಡುತ್ತಿದ್ದ ಕಾಲದ್ದು. ಗಡ್ಡೆಯನ್ನಷ್ಟೇ ತೆಗೆದವರಲ್ಲಿ ಮೂತ್ರಪಿಂಡದ ಶಕ್ತಿ ಹೆಚ್ಚು ಉಳಿಯಿತು, ಆಯುಷ್ಯ ಮಾತ್ರ ಹೆಚ್ಚಿದ್ದು ಕಾಣಲಿಲ್ಲ. ಅಕ್ಕ ಕೇಳಿದ್ದು, ‘ಡಯಾಲಿಸಿಸ್‌ಗೆ ಹೋಗಬೇಕಾಗುತ್ತಾ ಸಾರ್?’ ಸಿಕ್ಕ ಉತ್ತರ 60ರ ಗೆರೆಯದ್ದು. ಅಲ್ಲಿಂದ ಡಯಾಲಿಸಿಸ್‌ಗೆ ಬಹಳ ದೂರವಿದೆ. ಆ ಮಾತು ಸಾಮಾನ್ಯವಾಗಿ ಬರುವುದೇ 15ರ ಕೆಳಗೆ.

ಭಾವನ ಮಾತನ್ನು ನಾನು ಈಗಲೂ ಒಪ್ಪುವುದಿಲ್ಲ. ಆದರೆ ಆ ಶೇಕಡಾ ಅಕ್ಕನಿಗೆ ಎಷ್ಟು ಸಲ್ಲುತ್ತದೆ ಎಂದು ಕೇಳಿದರೆ ಖಚಿತ ಉತ್ತರ ನನ್ನಲ್ಲೂ ಇಲ್ಲ. ನಿಮಗೂ ಅಂಥದೊಂದು ಸಂಖ್ಯೆ ಹೇಳಿದರೆ ತಳ್ಳಿಹಾಕಬೇಡಿ. ಯಾವ ರೋಗಿಗಳಿಂದ ಬಂದದ್ದು, ಯಾವುದರ ಬಗ್ಗೆ ಹೇಳುತ್ತಿದೆ ಎಂಬೆರಡನ್ನು ಸಹಿ ಹಾಕುವ ಮೊದಲೇ ಕೇಳಿ.