ಕ್ಷೇತ್ರಪರಿಮಾಣ ಮತ್ತು ಊರಾಚೆಯ ಹೊಲ

ಅಣುವ್ರತಗಳನ್ನು ಸ್ವೀಕರಿಸಿದ ಗೃಹಸ್ಥನೊಬ್ಬನು ನಗರವಾಸವನ್ನು ಬಿಟ್ಟು ಹಳ್ಳಿಯಲ್ಲಿ ನಾಲ್ಕು ಎಕರೆ ಹೊಲವನ್ನು ಕೊಂಡು ಅಲ್ಲಿ ನೆಲೆಸಿದರೆ, ಅದು ತ್ಯಾಗದ ಕಡೆಗೆ ಇಟ್ಟ ಹೆಜ್ಜೆಯೋ, ಪರಿಗ್ರಹದ ಕಡೆಗೆ ಇಟ್ಟ ಹೆಜ್ಜೆಯೋ? ಹಿಂದೆ ಈ ಪ್ರಶ್ನೆ ವರ್ತಕ ಕುಟುಂಬಗಳ ಮುಂದೆ ಅಷ್ಟಾಗಿ ಬರುತ್ತಿರಲಿಲ್ಲ. ಕೃಷಿಕನಲ್ಲದವನು ಕೃಷಿಭೂಮಿಯನ್ನು ಕೊಳ್ಳದಂತೆ 1961ರ ಭೂಸುಧಾರಣಾ ಕಾಯ್ದೆಯಲ್ಲಿ ಇದ್ದ ತಡೆಗಳು 2020ರ ತಿದ್ದುಪಡಿಯಿಂದ ತೆಗೆದುಹೋದವು. ಆದರೆ ಶಾಸನವು ಅನುಮತಿ ಕೊಟ್ಟ ಮಾತ್ರಕ್ಕೆ ಶ್ರಾವಕನು ತಾನಾಗಿ ಹಾಕಿಕೊಂಡ ಎಲ್ಲೆ ಸರಿಯುವುದಿಲ್ಲ.

ಬೀದರದಲ್ಲಿ ಬಟ್ಟೆಯ ವ್ಯಾಪಾರ ಮಾಡಿ, ಅಂಗಡಿಯನ್ನು ಮಕ್ಕಳಿಗೆ ಒಪ್ಪಿಸಿದ ಒಬ್ಬ ಶ್ರಾವಕನನ್ನು ಊಹಿಸಬಹುದು. ಔರಾದ ಸೀಮೆಯ ಠಾಣಾ ಕುಶನೂರಿನ ಬಳಿ ಒಂದು ಹೊಲ ಅವನ ಮನಸ್ಸಿಗೆ ಬಂದಿದೆ. ನಗರದ ಗದ್ದಲವಿಲ್ಲ, ಸಾಮಾಯಿಕಕ್ಕೆ ಕುಳಿತರೆ ಚಿತ್ತವನ್ನು ಕದಡುವವರಿಲ್ಲ. ಬೇಕೆಂದಾಗ ಬೆಳಿಗ್ಗೆ ಹೊರಟು ಸಂಜೆಯೊಳಗೆ ಬೀದರಕ್ಕೆ ಹೋಗಿಬರಬಹುದು. ಈ ಕಡೆಯ ಮಾತಿನಲ್ಲಿಯೇ ಪ್ರಶ್ನೆಯ ಗಂಟು ಇದೆ. ನಗರವನ್ನು ಬಿಡುವವನು ಅದು ಕೈಗೆಟುಕುವಷ್ಟು ಹತ್ತಿರವಿರಲೆಂದು ಏಕೆ ಬಯಸುತ್ತಾನೆ?

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಉಳುವ ಕೈ ಪಾಪದ್ದು, ತಕ್ಕಡಿ ಹಿಡಿದ ಕೈ ಶುದ್ಧವಾದದ್ದು ಎಂಬ ಭಾವನೆ ಕೆಲವರಲ್ಲಿದೆ. ಆದಿನಾಥಸ್ವಾಮಿಯು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳಲ್ಲಿ ಅಸಿ, ಮಸಿಗಳೊಡನೆ ಕೃಷಿಯೂ ಇದೆ. ಬೆಳಗಾವಿ ಸೀಮೆಯ ದಿಗಂಬರ ಜೈನರಲ್ಲಿ ಬಹು ಜನ ತಲೆಮಾರುಗಳಿಂದ ಒಕ್ಕಲುತನದವರೇ. ಆಚಾರ್ಯ ಶಾಂತಿಸಾಗರ ಮಹಾರಾಜರು (1872–1955) ಗೃಹಸ್ಥಾಶ್ರಮದಲ್ಲಿ ಭೋಜ ಗ್ರಾಮದ ಒಕ್ಕಲು ಮನೆತನದವರಾಗಿದ್ದರು. ತೆನೆಗೆ ಬಂದ ಹಕ್ಕಿಗಳನ್ನು ಅವರು ಓಡಿಸುತ್ತಿರಲಿಲ್ಲವೆಂದು ಅವರ ಚರಿತ್ರೆಯಲ್ಲಿ ಹೇಳಿದೆ. ಆರಂಭತ್ಯಾಗವು ಎಂಟನೆಯ ಪ್ರತಿಮೆಯ ಮಾತು. ಅದಕ್ಕಿಂತ ಕೆಳಗಿನ ಶ್ರಾವಕನಿಗೆ ಹೊಲ ನಿಷಿದ್ಧವಲ್ಲ.

ಆದುದರಿಂದ ಪ್ರಶ್ನೆಯು ಉಳುಮೆಯದಲ್ಲ, ಅಳತೆಯದು. ತತ್ತ್ವಾರ್ಥಸೂತ್ರವು ಪರಿಗ್ರಹಪರಿಮಾಣದ ಅತಿಚಾರಗಳನ್ನು ಹೇಳುವಾಗ ಕ್ಷೇತ್ರ ಮತ್ತು ವಾಸ್ತುಗಳನ್ನೇ ಮೊದಲು ಎಣಿಸುತ್ತದೆ. ಚಿನ್ನ ಬೆಳ್ಳಿಗಳು ಆ ಬಳಿಕ ಬರುತ್ತವೆ. ನಗರದ ಮನೆಯನ್ನು ಉಳಿಸಿಕೊಂಡು, ಹೊಲದಲ್ಲಿ ಇನ್ನೊಂದು ಮನೆ ಕಟ್ಟಿ, ಎರಡಕ್ಕೂ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡವನು ನಗರವನ್ನು ತ್ಯಜಿಸಿದನೆನ್ನುವುದು ಹೇಗೆ? ಅವನ ವಾಸ್ತು ಎರಡಾಯಿತು, ಕ್ಷೇತ್ರವು ಹೊಸದಾಗಿ ಬಂತು. ದಿಗ್ವ್ರತವಿದ್ದವನಿಗಂತೂ ಎಚ್ಚರ ಇನ್ನೂ ಹೆಚ್ಚು ಬೇಕು. ಹಿಡಿದ ದಿಕ್ಕಿನ ಎಲ್ಲೆಯನ್ನು ಲೋಭದಿಂದ ಹಿಗ್ಗಿಸಬೇಕೆಂಬ ಅಭಿಪ್ರಾಯವನ್ನೇ ಕ್ಷೇತ್ರವೃದ್ಧಿಯೆಂಬ ಅತಿಚಾರವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕರೆದಿದ್ದಾರೆ. ಪರಿಮಾಣವು ಮೊದಲು, ಹೊಲವು ಆಮೇಲೆ ಎಂಬ ಕ್ರಮವಿದ್ದರೆ ದೋಷವಿಲ್ಲ. ಹೊಲವನ್ನು ಕೊಂಡು, ಅದರ ಅಳತೆಗೆ ತಕ್ಕಂತೆ ವ್ರತವನ್ನು ಹೊಲಿಸಿಕೊಳ್ಳುವುದು ಬಟ್ಟೆಯ ವ್ಯಾಪಾರಿಗೆ ಒಗ್ಗಿದ ವಿದ್ಯೆಯಾದರೂ ಇಲ್ಲಿ ಸಲ್ಲದು.

ಅಧೋದಿಕ್ಕಿನ ಎಲ್ಲೆಯನ್ನು ಜನರು ಸಾಮಾನ್ಯವಾಗಿ ಮರೆಯುತ್ತಾರೆ. ಅದನ್ನು ಮೀರುವುದಕ್ಕೆ ಪೂಜ್ಯಪಾದರು ಕೊಟ್ಟ ಉದಾಹರಣೆ ಬಾವಿಗೆ ಇಳಿಯುವುದು. ನೂರಾರು ಅಡಿ ಆಳದ ಕೊಳವೆಬಾವಿಗೆ ಮನುಷ್ಯನು ಇಳಿಯುವುದಿಲ್ಲ, ಅವನ ಆಸೆ ಮಾತ್ರ ಇಳಿಯುತ್ತದೆ. ಅದು ವ್ಯತಿಕ್ರಮವೋ ಅಲ್ಲವೋ ಎಂಬುದನ್ನು ಪಂಡಿತರು ಚರ್ಚಿಸಲಿ. ಗೃಹಿಣಿಯ ತೊಡಕು ಇದಕ್ಕಿಂತ ಪ್ರತ್ಯಕ್ಷವಾದದ್ದು. ನೀರನ್ನು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ತಂದ ಜಲಾಶಯಕ್ಕೇ ಮರಳಿ ಮುಟ್ಟಿಸಬೇಕು. ತೆರೆದ ಬಾವಿಯಲ್ಲಿ ಕೊಡವನ್ನು ಮೆಲ್ಲನೆ ಇಳಿಸಿ ಹಾಗೆ ಮಾಡಬಹುದು. ಕೊಳವೆಬಾವಿಯಲ್ಲಿ ಮರಳಿಸುವ ದಾರಿಯೇ ಇಲ್ಲ. ಹೊಲವನ್ನು ನೋಡಲು ಹೋದವರು ಮಣ್ಣಿನ ಬಣ್ಣವನ್ನೂ ರಸ್ತೆಯ ದೂರವನ್ನೂ ವಿಚಾರಿಸುತ್ತಾರೆ. ಹಳೆಯ ತೆರೆದ ಬಾವಿ ಇದೆಯೇ ಎಂದು ಮೊದಲು ಕೇಳುವುದು ಶ್ರಾವಕನಿಗೆ ಒಪ್ಪುವ ವಿಚಾರಣೆ.

ಬೆಳೆಯ ಆಯ್ಕೆಯೂ ವ್ರತದ ವಿಷಯವೇ ಆಗುತ್ತದೆ. ಬೀದರ ಜಿಲ್ಲೆಯ ಮುಂಗಾರಿನ ಹೆಸರು, ಉದ್ದುಗಳು ಕೊಯ್ಲಿಗೆ ಬರುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಎಂದರೆ ಭಾದ್ರಪದದ ದಶಲಕ್ಷಣ ಪರ್ವದ ಆಸುಪಾಸಿನಲ್ಲಿಯೇ. ಆರಂಭವನ್ನು ಬಿಟ್ಟು ಉಪವಾಸವಿರಬೇಕಾದ ದಿನಗಳಲ್ಲಿ ಮೋಡ ಕವಿದರೆ ಕಣ್ಣು ಜಿನಬಿಂಬದ ಮೇಲೆ ಇದ್ದರೂ ಮನಸ್ಸು ನೆನೆಯುವ ಕಾಯಿಗಳ ಮೇಲೆ ಇರುತ್ತದೆ. ಅಂಥ ಅನಶನದಲ್ಲಿ ಹೊಟ್ಟೆ ಮಾತ್ರ ಬರಿದಾಗಿರುತ್ತದೆ. ತೊಗರಿಯಾದರೆ ಕೊಯ್ಲು ಡಿಸೆಂಬರ್, ಜನವರಿಗೆ ಹೋಗುತ್ತದೆ, ಪರ್ವಕ್ಕೆ ಅಡ್ಡಿಯಿಲ್ಲ. ಆದರೆ ತೊಗರಿಗೆ ಕಾಯಿಕೊರಕ ಹುಳು ಬೀಳುತ್ತದೆ, ಹುಳುವಿಗೆ ಔಷಧಿ ಹೊಡೆಯಬೇಕೆನ್ನುತ್ತಾರೆ. ನೇಗಿಲಿನ ಕೆಳಗೆ ಅರಿಯದೆ ಸಾಯುವ ಜೀವದ ಹಿಂಸೆ ಆರಂಭಜನ್ಯ. ಹುಳುವನ್ನು ಕೊಲ್ಲಲೆಂದೇ ವಿಷವನ್ನು ಕಲಸಿ ಎರಚುವುದನ್ನು ಅದೇ ಹೆಸರಿನಡಿ ಅಡಗಿಸುವುದು ಕಷ್ಟ. ಅಲ್ಲಿ ಸಂಕಲ್ಪವು ಸ್ಪಷ್ಟವಾಗಿಯೇ ಇದೆ. ಹಿಂಗಾರಿ ಜೋಳದ ಬಿತ್ತನೆ ಪರ್ವ ಕಳೆದ ಮೇಲೆ. ಅದು ತೊಗರಿಯಷ್ಟು ಔಷಧಿಯನ್ನು ಬೇಡದು. ಕಾಳಿನೊಡನೆ ಕಣಿಕೆಯೂ ದೊರೆಯುತ್ತದೆ. ಹಕ್ಕಿಗಳು ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ, ನಿಜ. ಆದಾಯ ಕಡಿಮೆ, ಅದೂ ನಿಜ. ಅಂಗಡಿಯಿಂದ ನಿವೃತ್ತನಾಗಿ ಬಂದವನಿಗೆ ಈ ಕಡಿಮೆಯನ್ನು ಸಹಿಸಲು ಆಗದಿದ್ದರೆ ಅವನು ಅಂಗಡಿಯನ್ನೇ ಹೊಲಕ್ಕೆ ಹೊತ್ತು ತಂದಂತೆ.

ಹೊಲವನ್ನು ಪಾಲಿಗೆ ಕೊಟ್ಟು, ‘ಉಳುವವನು ಅವನು, ನಾನಲ್ಲ’ ಎನ್ನುವವರ ಸಮಾಧಾನವು ಹೆಚ್ಚು ಹೊತ್ತು ನಿಲ್ಲದು. ಕೃತ, ಕಾರಿತ, ಅನುಮತಗಳಲ್ಲಿ ಅವರು ಮೊದಲನೆಯದನ್ನು ಮಾತ್ರ ಬಿಟ್ಟಿದ್ದಾರೆ. ಜೊತೆಗೆ, ಬೆಳೆ ಕಡಿಮೆಯಾದ ವರ್ಷ ಪಾಲುಗಾರನ ಮನೆಯಲ್ಲಿ ಒಲೆ ಹೇಗೆ ಉರಿಯಿತೆಂದು ಕೇಳದವನ ಅಹಿಂಸೆಯು ಹುಳುಗಳಿಗೆ ಸಂದು ಮನುಷ್ಯನಿಗೆ ಸಲ್ಲದೆ ಹೋಗುತ್ತದೆ.

ನಗರದ ಸಾಮೀಪ್ಯವನ್ನು ಮೇಲೆ ಸಂಶಯದಿಂದ ನೋಡಿದ್ದಾಯಿತು. ಅದಕ್ಕೆ ನ್ಯಾಯವಾದ ಪಕ್ಷವೂ ಒಂದಿದೆ. ಜಿನದರ್ಶನವಾಗದೆ ಆಹಾರವನ್ನು ಮುಟ್ಟುವುದಿಲ್ಲವೆಂಬ ನಿಯಮವಿದ್ದ ವೃದ್ಧರಿಗೆ ಜಿನಾಲಯವಿಲ್ಲದ ಹಳ್ಳಿಯಲ್ಲಿ ನಿತ್ಯವೂ ಉಪವಾಸವೇ. ಮುನಿಸಂಘವು ವಿಹಾರ ಮಾಡುತ್ತ ಬಂದಾಗ ಆಹಾರದಾನದ ಅವಕಾಶವೂ ದೂರವಿದ್ದವರಿಗೆ ತಪ್ಪುತ್ತದೆ. ಇಂಥವರಿಗೆ ನಗರವು ಎಟುಕಿನಲ್ಲಿರಬೇಕಾದದ್ದು ಪೇಟೆಗಾಗಿ ಅಲ್ಲ, ಬಸದಿಗಾಗಿ. ಹೊಲದ ಮನೆಯಲ್ಲಿ ಗೃಹಚೈತ್ಯಾಲಯವನ್ನು ಮಾಡಿಕೊಳ್ಳುತ್ತೇವೆನ್ನುವವರು ಕಾಗದಪತ್ರಕ್ಕೆ ರುಜು ಹಾಕುವ ಮುನ್ನ ಒಂದು ಲೆಕ್ಕ ಮಾಡಬೇಕು: ಮೊಮ್ಮಗನ ಮದುವೆಗೆಂದು ಎಲ್ಲರೂ ಬೀದರಕ್ಕೆ ಹೋದ ನಾಲ್ಕು ದಿನ ಅಲ್ಲಿ ಅಭಿಷೇಕ ಮಾಡುವವರು ಯಾರು?