ಕಿವಿಯಲ್ಲಿ ಹುಲಿ, ತೋಟದಲ್ಲಿ ಆನೆ

ಶುಕ್ರವಾರ ರಾತ್ರಿ ಬೆಂಗಳೂರಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹೊರಡುವ ಬಸ್ಸುಗಳಲ್ಲಿ ನಿದ್ದೆ ಮಾಡದವರು ಎರಡು ಥರ. ಲ್ಯಾಪ್‌ಟಾಪ್ ತೆರೆದು ಮ್ಯಾನೇಜರಿಗೆ ಕೊನೆಯ ಮೇಲ್ ಕಳಿಸ್ತಾ ಇರೋರು ಒಂದು ಥರ. ಇಯರ್‌ಫೋನ್ ಸಿಕ್ಕಿಸಿಕೊಂಡು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಕೂತೋರು ಇನ್ನೊಂದು ಥರ. ನಾನು ಎರಡನೇ ಗುಂಪಿನವನು. ನನ್ನ ಆಯ್ಕೆ ಹೆಚ್ಚಾಗಿ ಎರಡೇ: ಹಳೇ ಕಾಲದ ಸಾಹಸದ ಕಥೆಗಳು, ಇಲ್ಲಾಂದ್ರೆ ಆಟಗಾರರ ಆತ್ಮಕಥೆಗಳು. ವಾರವಿಡೀ ಸ್ಪ್ರೆಡ್‌ಶೀಟು ನೋಡಿದ ತಲೆಗೆ ಒಂದು ನರಭಕ್ಷಕ ಹುಲಿಯೋ ಐದನೇ ಸೆಟ್ಟಿನ ಟೈಬ್ರೇಕೋ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಔಷಧ ಇಲ್ಲ.

‘ಕೇಳೋದು ಓದಿದ ಹಾಗೆ ಆಗತ್ತಾ?’ ಅನ್ನೋ ಜಗಳವನ್ನು ಇಲ್ಲೇ ಬಿಟ್ಟುಬಿಡೋಣ. ಗಮಕ, ಹರಿಕಥೆ, ತಾಳಮದ್ದಳೆ ಕೇಳಿಕೊಂಡು ಬೆಳೆದ ಊರಿನವರಿಗೆ ಆ ಪ್ರಶ್ನೆಯೇ ಸ್ವಲ್ಪ ತಮಾಷೆ. ಓದು ಬರದಿದ್ದರೂ ಇಡೀ ಭಾರತ ಗೊತ್ತಿದ್ದ ಅಜ್ಜಿಯಂದಿರು ನಮ್ಮ ಮನೆಗಳಲ್ಲಿ ಇದ್ದರು. ನನ್ನನ್ನು ಕಾಡೋ ಪ್ರಶ್ನೆ ಬೇರೆ. ಯಾರದೋ ಸಾವು, ಯಾರದೋ ಭಯ ನಮಗೆ ಇಷ್ಟು ಸುಖ ಕೊಡಬಹುದಾ? ಕೊಟ್ಟರೆ, ಆ ಸುಖಕ್ಕೆ ನಾವು ಯಾರಿಗಾದರೂ ಏನಾದರೂ ಬಾಕಿ ಇದ್ದೇವಾ?

ಸುಖ ಇದೆ ಅನ್ನೋದರಲ್ಲಿ ಸಂಶಯವೇ ಇಲ್ಲ. ಕೆನೆತ್ ಆಂಡರ್ಸನ್ನನ ಶಿಕಾರಿ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕಥೆಗಳು’ ಅಂತ ನಾಲ್ಕು ಭಾಗಗಳಲ್ಲಿ ಕನ್ನಡಕ್ಕೆ ತಂದರು. ‘ಬೆಳ್ಳಂದೂರಿನ ನರಭಕ್ಷಕ’, ‘ಜಾಲಹಳ್ಳಿಯ ಕುರ್ಕ’ ಅನ್ನೋ ಹೆಸರು ಕೇಳಿದರೇ ಹೈಸ್ಕೂಲಿನ ಬೇಸಿಗೆ ರಜೆ ನೆನಪಾಗುವವರು ನಮ್ಮಲ್ಲಿ ಎಷ್ಟೋ ಜನ. ಆಂಡರ್ಸನ್ ಇದ್ದದ್ದು ಬೆಂಗಳೂರಲ್ಲಿ, ಅವನ ಹುಲಿಗಳು ಓಡಾಡಿದ್ದು ತಗರ್ತಿ, ಚೋರಡಿಯಂಥ ಜಾಗಗಳಲ್ಲಿ. ನಮಗೆ ಅವು ಬಸ್ಸಿನ ಬೋರ್ಡಿನ ಮೇಲೆ ಕಾಣೋ ಊರುಗಳು. ಜಿಮ್ ಕಾರ್ಬೆಟ್ಟನ ಕುಮಾವೂನ್ ದೂರದ್ದಾದರೂ ಹುಲ್ಲು ಕೊಯ್ಯೋ ಹೆಂಗಸರು, ಕಾಲುದಾರಿ, ಇಳಿಜಾರಿನ ಗದ್ದೆ ಎಲ್ಲ ಮಲೆನಾಡಿನವರಿಗೆ ಗುರುತಿನದೇ. ಪುಟದ ಮೇಲೆ ಓದುವಾಗ ‘ನಾನು ಮರದ ಮೇಲೆ ಕೂತೆ’ ಅನ್ನೋದು ಬೇಟೆಗಾರನ ಮಾತು. ಅದೇ ಸಾಲು ಕಿವಿಯೊಳಗೆ ಮೆಲುದನಿಯಲ್ಲಿ ಬಂದರೆ, ಮರದ ಮೇಲೆ ಕೂತವನು ನಾನೇ ಆಗಿಬಿಡ್ತೀನಿ. ಕೋವಿ ನನ್ನ ಕೈಯಲ್ಲಿರತ್ತೆ.

ಈ ಥರದ ಸುಖದ ಬಗ್ಗೆ ರೋಮಿನ ಕವಿ ಲುಕ್ರೀಷಿಯಸ್ ಎರಡು ಸಾವಿರ ವರ್ಷದ ಹಿಂದೆಯೇ ಯೋಚಿಸಿದ್ದ. ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕವರ ಒದ್ದಾಟವನ್ನು ದಡದಲ್ಲಿ ನಿಂತು ನೋಡೋದು ಹಿತವಾಗಿರತ್ತೆ ಅಂತ ಅವನ ಮಾತಿನ ಸಾರ. ಬೇರೆಯವರ ಸಂಕಟ ಕಂಡು ಖುಷಿಪಡ್ತೀವಿ ಅಂತ ಅವನು ಹೇಳಲಿಲ್ಲ. ಆ ಸಂಕಟ ನಮಗಿಲ್ಲವಲ್ಲ ಅನ್ನೋ ಸಮಾಧಾನವೇ ಹಿತ ಅಂದ. ಒಪ್ಪಬಹುದಾದ ಮಾತು. ಆದರೆ ಅದಕ್ಕೆ ಒಂದು ದಡ ಬೇಕು. ಬೆಂಗಳೂರಿನ ಮೆಟ್ರೋದಲ್ಲಿ ಕೂತು ಕೇಳುವಾಗ ದಡ ಇರತ್ತೆ. ಬೆಳಗಾಗುವ ಹೊತ್ತಿಗೆ ಬಸ್ಸು ಘಟ್ಟದ ತಿರುವುಗಳಿಗೆ ಬಂದಾಗ ಆ ದಡ ಎಲ್ಲಿ ಹೋಯ್ತು?

ಯಾಕೆಂದರೆ ಈ ಮೂರು ತಾಲ್ಲೂಕುಗಳಲ್ಲಿ ಕಾಡುಪ್ರಾಣಿಯ ಭಯ ಹಳೇ ಕಾಲದ ಕಥೆಯಾಗಿ ಉಳಿದಿಲ್ಲ. ಒಂದು ಕಡೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಇನ್ನೊಂದು ಕಡೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ನಡುವೆ ಅಡಿಕೆ, ಕಾಫಿ, ಗದ್ದೆ, ಮನೆ. 2025ರ ಜುಲೈನಲ್ಲಿ ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನ ಆಸುಪಾಸಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಆನೆ ದಾಳಿಗೆ ಸತ್ತರು. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆ ಬಳಿ ಮತ್ತೆ ಇಬ್ಬರು. ಈಗ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಸಂಜೆ ಹೊತ್ತು ವಾಯ್ಸ್ ನೋಟ್ ಬರತ್ತೆ: ಇಂಥವರ ತೋಟದ ಮೇಲ್ಗಡೆ ಆನೆ ಇದೆ, ಆ ದಾರಿಯಲ್ಲಿ ಯಾರೂ ಬೈಕಲ್ಲಿ ಹೋಗಬೇಡಿ. ಅದೂ ಆಡಿಯೋನೇ, ಅದೂ ಕಿವಿಗೇ ಬೀಳೋದು. ಹತ್ತು ಸೆಕೆಂಡಿನದು, ಹಿನ್ನೆಲೆ ಸಂಗೀತ ಇಲ್ಲ, ಯಾರೂ ಅದನ್ನು ಮಜಾ ಅಂತ ಕೇಳೋದಿಲ್ಲ.

ಕೊಪ್ಪದ ನಮ್ಮ ಅತ್ತೆ ಒಂದು ಮಧ್ಯಾಹ್ನ ಅಡಿಕೆ ಸುಲಿಯುತ್ತಾ ಕೇಳಿದರು, ‘ಅದೇನು ಮಾರಾಯ, ಬೆಳಿಗ್ಗೆಯಿಂದ ಕಿವಿಗೆ ಹಾಕ್ಕೊಂಡು ಕೇಳ್ತಾ ಇದ್ದೀಯ?’ ಹುಲಿ ಕಥೆ ಅತ್ತೆ, ನೀವೂ ಕೇಳಿ ಅಂತ ಫೋನಿನ ಸ್ಪೀಕರ್ ಹಾಕಿದೆ. ಹುಲಿ ಒಬ್ಬ ಹೆಂಗಸನ್ನು ಎಳೆದುಕೊಂಡು ಹೋಗೋ ಭಾಗ ಬಂತು. ಬೇಟೆಗಾರ ರಕ್ತದ ಜಾಡು ಹಿಡಿದು ಹೊರಟ. ಅತ್ತೆಯ ಕೈ ನಿಂತಿತು. ‘ಆ ಹೆಂಗಸಿಗೆ ಮಕ್ಕಳಿದ್ವಂತಾ?’ ಅಂದರು. ಗೊತ್ತಿಲ್ಲ, ಕಥೆಯಲ್ಲಿ ಬಂದಿಲ್ಲ ಅಂದೆ. ‘ಮತ್ತೆ ಹುಲಿ ಎಷ್ಟು ಉದ್ದ ಇತ್ತು ಅಂತ ಬರತ್ತೇನೋ’ ಅಂತ ಹೇಳಿ ಮತ್ತೆ ಸುಲಿಯೋಕೆ ಶುರುಮಾಡಿದರು. ನಿಜವಾಗಿಯೂ ಮುಂದೆ ಅದು ಬಂತು, ಅಡಿ ಅಂಗುಲದ ಸಮೇತ.

ಅತ್ತೆಗೆ ಕಥೆ ಬೇಜಾರಾಗಲಿಲ್ಲ, ಪೂರ್ತಿ ಕೇಳಿದರು. ಅವರು ಕೇಳಿದ್ದು ತುಂಬಾ ಸರಳವಾದ ಪ್ರಶ್ನೆ: ಈ ಕಥೆಯಲ್ಲಿ ಮಾತಾಡೋಕೆ ಯಾರಿಗೆ ಬಿಟ್ಟಿದ್ದಾರೆ?

ಶಿಕಾರಿ ಕಥೆಯಲ್ಲಿ ಮೂವರು ಇರ್ತಾರೆ: ಸತ್ತವರು, ಕೊಂದ ಪ್ರಾಣಿ, ಆ ಪ್ರಾಣಿಯನ್ನು ಕೊಂದವನು. ಮಾತು ಮಾತ್ರ ಮೂರನೆಯವನದು. ಸತ್ತವರು ಹೆಚ್ಚಾಗಿ ಒಂದು ಸಂಖ್ಯೆ. ಚಂಪಾವತ್‌ನ ಹೆಣ್ಣುಹುಲಿ 436 ಜನರನ್ನು ಕೊಂದಿತ್ತು, ಕಾರ್ಬೆಟ್ ಅದನ್ನು ಹೊಡೆದದ್ದು 1907ರಲ್ಲಿ. ರುದ್ರಪ್ರಯಾಗದ ಚಿರತೆಯ ಲೆಕ್ಕ ಸರ್ಕಾರದ ಪ್ರಕಾರ 125. ಕೇಳುಗನಿಗೆ ಆಗೋ ವಿಚಿತ್ರ ಏನೆಂದರೆ, ಸಂಖ್ಯೆ ದೊಡ್ಡದಾದಷ್ಟೂ ರೋಮಾಂಚ ಹೆಚ್ಚು, ದುಃಖ ಕಡಿಮೆ. 436 ಮನೆಗಳಲ್ಲಿ ಅವತ್ತು ರಾತ್ರಿ ಒಲೆ ಉರಿಯಲಿಲ್ಲ ಅನ್ನೋದು ನಮ್ಮ ತಲೆಗೆ ಹೋಗೋದೇ ಇಲ್ಲ. ಹುಲಿಯ ಪ್ರತಾಪದ ಅಳತೆಗೋಲಾಗಿ ಮಾತ್ರ ಆ ಸಂಖ್ಯೆ ಕೆಲಸ ಮಾಡತ್ತೆ.

ಕಾರ್ಬೆಟ್ ಈ ವಿಷಯದಲ್ಲಿ ಬಹಳ ಜನಕ್ಕಿಂತ ಮೇಲು ಅಂತ ನನಗೆ ಅನ್ನಿಸೋದು ಎರಡು ಕಾರಣಕ್ಕೆ. ಚಂಪಾವತ್‌ನ ಹುಲಿಯ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು, ಅದಕ್ಕೆ ಹಳೆಯ ಗುಂಡೇಟು ಕಾರಣ, ಹಾಗಾಗಿಯೇ ಅದು ಸಹಜ ಬೇಟೆ ಬಿಟ್ಟು ಮನುಷ್ಯರ ಮೇಲೆ ಬಿತ್ತು ಅಂತ ಅವನು ಬರೆದ. ತಾನು ಕೊಂದ ಪ್ರಾಣಿಯ ಪರವಾಗಿ ತಾನೇ ಸಾಕ್ಷಿ ಹೇಳಿದ ಹಾಗೆ ಅದು. ಇನ್ನೊಂದು, ಅದೇ ಕಥೆಯಲ್ಲಿ ಬರೋ ಒಬ್ಬ ಹೆಂಗಸು. ಕಣ್ಣೆದುರೇ ಅಕ್ಕನನ್ನು ಹುಲಿ ಹೊತ್ತುಕೊಂಡು ಹೋದ ಮೇಲೆ ಅವಳ ಮಾತು ನಿಂತುಹೋಗಿತ್ತು. ಹುಲಿ ಸತ್ತ ಮೇಲೆ ಅದರ ಚರ್ಮ ತೋರಿಸಿದಾಗ ಮಾತು ವಾಪಸ್ ಬಂತು ಅಂತ ಅವನು ಹೇಳ್ತಾನೆ. ಆ ಪುಸ್ತಕದಲ್ಲಿ ನನಗೆ ಕೊನೇವರೆಗೂ ಉಳಿದದ್ದು ಗುಂಡಿನ ಸದ್ದಲ್ಲ, ಈ ಹೆಂಗಸಿನ ದನಿ. ಆದರೂ ಅವಳು ಏನು ಹೇಳಿದಳು ಅನ್ನೋದನ್ನು ನಾವು ಕೇಳೋದು ಬೇಟೆಗಾರನ ಬಾಯಲ್ಲೇ.

ಈಗ ಆಟಗಾರರ ಆತ್ಮಕಥೆಗೆ ಬನ್ನಿ. ಅಲ್ಲೂ ನೋವಿದೆ, ಅವಮಾನ ಇದೆ, ನಾವು ಅದನ್ನೂ ಚಪ್ಪರಿಸಿಕೊಂಡೇ ಕೇಳ್ತೀವಿ. ಆಂಡ್ರೆ ಅಗಾಸ್ಸಿಯ ‘ಓಪನ್’ ಕೇಳುವಾಗ ಅವನು ಟೆನಿಸನ್ನು ದ್ವೇಷಿಸ್ತೀನಿ ಅನ್ನೋದು, ಬೆನ್ನು ನೋವಿನಿಂದ ನೆಲದ ಮೇಲೆ ಮಲಗೋದು ನಮಗೆ ರುಚಿಯೇ. ಆದರೆ ಅಲ್ಲಿ ಯಾಕೋ ಮುಜುಗರ ಆಗಲ್ಲ. ಸೋತವನೇ ಸೋಲಿನ ಕಥೆ ಹೇಳ್ತಾ ಇದ್ದಾನೆ, ಎಷ್ಟು ಹೇಳಬೇಕು, ಎಷ್ಟು ಮುಚ್ಚಿಡಬೇಕು ಅಂತ ಅವನೇ ತೀರ್ಮಾನ ಮಾಡಿದ್ದಾನೆ. ಬರೆಯೋಕೆ ಇನ್ನೊಬ್ಬರು ಕೈಜೋಡಿಸಿದ್ದರೂ ಒಪ್ಪಿಗೆ ಅವನದು.

ನಮ್ಮ ಪಕ್ಕದ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಅವರ ಕಥೆ ಇನ್ನೂ ಒಳ್ಳೆಯ ಉದಾಹರಣೆ. 1980ರಲ್ಲಿ ಮುಂಬೈಯಲ್ಲಿ ಇಂಗ್ಲೆಂಡ್ ಎದುರು ಗೋಲ್ಡನ್ ಜೂಬಿಲಿ ಟೆಸ್ಟ್, ವಿಶ್ವನಾಥ್ ನಾಯಕ. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳಕೊಂಡಿತ್ತು. ಆಮೇಲೆ ಬಾಬ್ ಟೇಲರ್ ಔಟ್ ಅಂತ ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ಖಾತ್ರಿಯಾಗಿ ವಿಶ್ವನಾಥ್ ಟೇಲರನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಇಯಾನ್ ಬಾಥಮ್ ಆರನೇ ವಿಕೆಟ್ಟಿಗೆ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಬಾಥಮ್ ಶತಕ ಹೊಡೆದು 13 ವಿಕೆಟ್ ತೆಗೆದದ್ದು ದಾಖಲೆಯಲ್ಲಿದೆ. ಆದರೆ ಇವತ್ತಿಗೂ ಜನ ಆ ಪಂದ್ಯದ ಮಾತೆತ್ತಿದರೆ ಮೊದಲು ಹೇಳೋದು ಸೋತ ನಾಯಕನ ಕಥೆ. 2022ರಲ್ಲಿ ‘ರಿಸ್ಟ್ ಅಶ್ಯೂರ್ಡ್’ ಅನ್ನೋ ಅವರ ಆತ್ಮಕಥೆಯೂ ಬಂತು. ಸೋತವರಿಗೂ ತಮ್ಮ ಮಾತು ಹೇಳೋ ಜಾಗ ಕ್ರೀಡೆಯಲ್ಲಿದೆ. ಕಾಡಿನಂಚಿನ ಹಳ್ಳಿಯಲ್ಲಿ ಸತ್ತವರಿಗೆ ಆ ಜಾಗ ಇಲ್ಲ.

ಹಾಗಂತ ಶಿಕಾರಿ ಕಥೆ ಕೇಳೋದು ಪಾಪ ಅಂತ ನಾನು ಹೇಳ್ತಾ ಇಲ್ಲ. ‘ನೂರು ವರ್ಷದ ಹಿಂದಿನದು, ಈಗ ಯಾರಿಗೆ ನೋವು?’ ಅನ್ನೋರು ಇದ್ದಾರೆ. ಅವರ ಮಾತು ಅರ್ಧ ಸರಿ. ಸತ್ತವರಿಗೆ ನಮ್ಮ ಇಯರ್‌ಫೋನಿನಿಂದ ಏನೂ ಆಗೋದಿಲ್ಲ. ಆದರೆ ಕೇಳಿ ಕೇಳಿ ನಮ್ಮ ಕಿವಿಗೆ ಒಂದು ಅಭ್ಯಾಸ ಆಗತ್ತೆ. ಅದೇ ಕಿವಿಯಿಂದ ನಾವು ಇವತ್ತಿನ ಸುದ್ದಿಯನ್ನೂ ಕೇಳ್ತೀವಿ. ಆನೆ ಹಿಡಿಯೋ ಕಾರ್ಯಾಚರಣೆಯ ವಿಡಿಯೋಗೆ ಸಿನಿಮಾದ ಬಿಜಿಎಂ ಹಾಕಿ ಫಾರ್ವರ್ಡ್ ಮಾಡೋದು, ಹೋಂಸ್ಟೇಗೆ ಬಂದು ‘ಇಲ್ಲಿ ಆನೆ ನೋಡೋಕೆ ಸಿಗತ್ತಾ?’ ಅಂತ ಉತ್ಸಾಹದಿಂದ ಕೇಳೋದು, ದಾಳಿಯ ಸುದ್ದಿಯಲ್ಲಿ ಆನೆಯ ಹೆಸರು ನೆನಪಿಟ್ಟುಕೊಂಡು ಸತ್ತವರ ಹೆಸರು ಮರೆಯೋದು, ಎಲ್ಲಾ ಆ ಅಭ್ಯಾಸದ್ದೇ ಫಲ. ಕೆಲಸ ಮುಗಿಸಿ ಕತ್ತಲಲ್ಲಿ ಮನೆಗೆ ನಡೆಯೋ ತೋಟದ ಕಾರ್ಮಿಕಳಿಗೆ ಅದು ಸಾಹಸ ಅಲ್ಲ, ದಿನಾ ನಡೆಯಲೇಬೇಕಾದ ದಾರಿ. ಸಾಹಸಕ್ಕೆ ಹೋದವನಿಗೆ ವಾಪಸ್ ಬರೋ ಅವಕಾಶ ಇರತ್ತೆ. ಅಲ್ಲೇ ಇರೋರಿಗೆ ಎಲ್ಲಿಗೆ ವಾಪಸ್?

ಹಾಗಾದರೆ ಹೇಗೆ ಕೇಳಬೇಕು? ಉತ್ತರ ನಮ್ಮ ಊರಲ್ಲೇ ಇದೆ ಅನ್ನಿಸತ್ತೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ಮಲೆನಾಡು, ಕರಾವಳಿಯಲ್ಲಿ ತಾಳಮದ್ದಳೆ ನಡೆಯತ್ತೆ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಹಾಡು ಮತ್ತು ಅರ್ಥಧಾರಿಗಳ ಮಾತು ಅಷ್ಟೇ. ಕ್ಯಾಸೆಟ್ ಕಾಲದಲ್ಲಿ ಮನೆಮನೆಗೆ ಬಂದ ತಾಳಮದ್ದಳೆಯೇ ನಮ್ಮ ಕಡೆಯ ಮೊದಲ ಆಡಿಯೋಬುಕ್ ಅಂದರೂ ತಪ್ಪಲ್ಲ. ಅದರಲ್ಲಿ ‘ವಾಲಿ ವಧೆ’ ಪ್ರಸಂಗ ಕೇಳಿದವರಿಗೆ ಗೊತ್ತು, ರಾಮನ ಬಾಣ ವಾಲಿಗೆ ತಾಗೋದು ಕಥೆಯ ಕೊನೆ ಅಲ್ಲ. ನಿಜವಾದ ಪ್ರಸಂಗ ಶುರುವಾಗೋದೇ ಅಲ್ಲಿಂದ. ಬಿದ್ದ ವಾಲಿ ಕೇಳ್ತಾನೆ: ನಾನು ನಿನಗೇನು ಅನ್ಯಾಯ ಮಾಡಿದ್ದೆ? ಮರೆಯಲ್ಲಿ ನಿಂತು ಹೊಡೆಯೋದು ಯಾವ ಧರ್ಮ? ವಾಲ್ಮೀಕಿಯಲ್ಲಿ ರಾಮ ಕೊಡೋ ಉತ್ತರಗಳಲ್ಲಿ ಒಂದು ಬೇಟೆಯ ಮಾತೇ: ರಾಜರು ಮೃಗವನ್ನು ಮರೆಯಲ್ಲಿ ನಿಂತೂ ಹೊಡೆಯುತ್ತಾರೆ, ನೀನು ಮರದಿಂದ ಮರಕ್ಕೆ ಹಾರೋ ಮೃಗ. ಅಂದರೆ ಅದೂ ಒಂದು ಶಿಕಾರಿ ಕಥೆ, ಆದರೆ ಬೇಟೆಗೆ ಗುರಿಯಾದವನು ಎದ್ದು ಕೂತು ವಾದ ಮಾಡೋ ಶಿಕಾರಿ ಕಥೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕೂತರೆ ಸಾಯೋನ ಮಾತು ಕೇಳೋಕೇ ಜನ ಬರ್ತಿದ್ದರು. ರಾಮನ ಭಕ್ತರೇ ತುಂಬಿದ ಸಭೆ ವಾಲಿಯ ಪ್ರಶ್ನೆಗೆ ತಲೆದೂಗುತ್ತಿತ್ತು. ರಸಕ್ಕೆ ಅದರಿಂದ ಏನೂ ಕಮ್ಮಿ ಆಗಲಿಲ್ಲ, ಹೆಚ್ಚೇ ಆಯಿತು.

ಈ ಕಿವಿಯನ್ನು ಇಯರ್‌ಫೋನಿಗೂ ತರಬಹುದು. ಹಳೆಯ ಕಥೆಯಲ್ಲಿ ವಾಲಿಯ ಪಾತ್ರಕ್ಕೆ ಮಾತು ಬರೆದಿಲ್ಲ ಅಂದರೆ ಅದನ್ನು ಕೇಳುಗ ತುಂಬಿಕೊಳ್ಳಬೇಕು. ಹುಲ್ಲು ಕೊಯ್ಯೋಕೆ ಹೋದ ಹೆಂಗಸಿನ ಬಗ್ಗೆ ಎರಡೇ ಸಾಲು ಇದ್ದರೆ ಆ ಎರಡು ಸಾಲನ್ನು 1.5 ಸ್ಪೀಡಿನಲ್ಲಿ ಓಡಿಸದೆ ಕೇಳಬಹುದು. ಗಾಯಗೊಂಡ ಪ್ರಾಣಿ ಯಾಕೆ ಊರಿಗೆ ಬಂತು ಅಂತ ಕಾರ್ಬೆಟ್ ಕೇಳಿದ ಹಾಗೆ, ತೋಟಕ್ಕೆ ಬಂದ ಆನೆಯ ಕಾಡಿಗೆ ಏನಾಯ್ತು ಅಂತಲೂ ಕೇಳಬಹುದು. ವಾಯ್ಸ್ ನೋಟ್ ಬಂದಾಗ ‘ಅಬ್ಬಾ’ ಅನ್ನೋ ಇಮೋಜಿ ಹಾಕೋದಕ್ಕಿಂತ ಆ ದಾರಿಯಲ್ಲಿ ಇವತ್ತು ಯಾರು ನಡೆದು ಬರಬೇಕಾಗಿತ್ತು ಅಂತ ವಿಚಾರಿಸಬಹುದು.

ಇದರಿಂದ ಕಥೆಯ ಮಜಾ ಹೋಗತ್ತಾ? ನನ್ನ ಅನುಭವದಲ್ಲಿ ಇಲ್ಲ. ಹುಲಿ ಈಗಲೂ ಅಷ್ಟೇ ಹೆದರಿಸತ್ತೆ, ಟೈಬ್ರೇಕಿನಲ್ಲಿ ಉಸಿರು ಈಗಲೂ ಕಟ್ಟತ್ತೆ. ಅತ್ತೆಯೂ ಕಥೆ ನಿಲ್ಲಿಸು ಅನ್ನಲಿಲ್ಲವಲ್ಲ. ಮಕ್ಕಳಿದ್ವಂತಾ ಅಂತ ಕೇಳಿ, ಮುಂದೆ ಏನಾಯ್ತು ಅಂತ ಕಾದು ಕೂತರು.