ಕರೆ ಬಂದವನೂ ಉಳಿದವರೂ

ಸಿರುಗುಪ್ಪೆಯಲ್ಲಿರುವ ನನ್ನ ಅಕ್ಕನ ಮೊಮ್ಮಗನು ಹೈದರಾಬಾದಿನಲ್ಲಿ ಓದಿ ಅಲ್ಲಿಯೇ ಉದ್ಯೋಗದಲ್ಲಿರುವ ತರುಣನು. ಈಚೆಗೆ ಊರಿಗೆ ಬಂದಿದ್ದಾಗ, ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು, "ತಾತ, ನಾವು ನಂಬಿದ ಗುರುವನ್ನು ನಮಗಿಂತ ದೊಡ್ಡವರು ಕರೆದುಕೊಂಡು ಹೋದರೆ ತಪ್ಪು ಯಾರದು? ಕರೆದವರದೋ, ಹೋದವನದೋ?" ಎಂದು ಕೇಳಿದನು. ಯಾವುದೋ ಮಠದ ಅಥವಾ ಪಾಠಶಾಲೆಯ ವಿಚಾರವಿರಬೇಕೆಂದು ನಾನು ಗಂಭೀರನಾಗಿ ಕುಳಿತೆನು. ವಿಚಾರಿಸಲಾಗಿ ಅದು ಕಾಲ್ಚೆಂಡಾಟದ ಸಂಗತಿಯೆಂದು ತಿಳಿಯಿತು. ಮೊದಲು ನಕ್ಕೆನು, ರಾತ್ರಿ ಮಲಗಿದ ಮೇಲೆ ನಗು ಬರಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುವೆನು.

ವಾಚಕರಲ್ಲಿ ಅನೇಕರು ಈ ಆಟವನ್ನು ನನ್ನಂತೆಯೇ ದೂರದಿಂದ ಬಲ್ಲವರಾಗಿರಬಹುದು. ಆದರೆ ಬಳ್ಳಾರಿಯವರಾದ ನಮಗೆ ಅದು ತೀರ ಹೊರಗಿನದೂ ಅಲ್ಲ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯನ್ನು ನಡೆಸುವ ಒಡೆಯರೇ 2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ಕ್ಲಬ್ಬನ್ನು ಸ್ಥಾಪಿಸಿದರು. 2018ರಲ್ಲಿ ಕಾರ್ಖಾನೆಯ ನೆರೆಯಲ್ಲಿಯೇ ಒಂದು ಕ್ರೀಡಾಶಿಕ್ಷಣ ಸಂಸ್ಥೆಯನ್ನೂ ತೆರೆದರು. ಆ ಕ್ಲಬ್ಬಿಗೆ 2016ರಲ್ಲಿ ಆಲ್ಬರ್ಟ್ ರೋಕಾ ಎಂಬ ಸ್ಪೇನ್ ದೇಶದ ಶಿಕ್ಷಕರು ಬಂದರು. ಬಂದ ವರ್ಷವೇ ತಂಡವು ಏಷ್ಯಾದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿತು; ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುನ್ನ ಅಲ್ಲಿಯವರೆಗೆ ಹೋಗಿರಲಿಲ್ಲ. ದೋಹಾದಲ್ಲಿ ಒಂದು ಗೋಲಿನಿಂದ ಸೋತರೂ ಶಿಕ್ಷಕರ ಕೀರ್ತಿಯು ಬೆಳೆಯಿತು. 2018ರಲ್ಲಿ ಅವರು ಬೆಂಗಳೂರನ್ನು ಬಿಟ್ಟರು. 2020ರ ಆರಂಭದಲ್ಲಿ ಹೈದರಾಬಾದಿನ ಕ್ಲಬ್ಬು ಮುಂದಿನ ಋತುವಿಗೆಂದು ಅವರನ್ನು ಗೊತ್ತುಮಾಡಿಕೊಂಡಿತು. ಆ ಕ್ಲಬ್ಬಾದರೋ ತನ್ನ ಮೊದಲನೆಯ ಋತುವಿನಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಇಳಿದಿತ್ತು. ನಮ್ಮ ಹುಡುಗನಂಥವರಿಗೆ ಆ ಹೆಸರು ಬರಗಾಲದಲ್ಲಿ ಕಂಡ ಮೋಡದಂತೆ ತೋರಿದುದರಲ್ಲಿ ಆಶ್ಚರ್ಯವೇನು?

ಅಷ್ಟರಲ್ಲಿ, ಆ ವರ್ಷದ ಆಗಸ್ಟಿನಲ್ಲಿ, ಬಾರ್ಸಿಲೋನಾದಿಂದ ಕರೆ ಬಂದಿತು. ಲೋಕಪ್ರಸಿದ್ಧವಾದ ಆ ಮನೆಯಲ್ಲಿ ರೋಕಾ ಅವರು ಹಿಂದೆ ಸೇವೆ ಮಾಡಿದ್ದವರು. ಈಗ ಬಂದ ಕರೆಯು ಮುಖ್ಯ ಶಿಕ್ಷಕನ ಹುದ್ದೆಗೂ ಅಲ್ಲ, ಆಟಗಾರರ ಅಂಗಸಾಧನೆಯನ್ನು ನೋಡಿಕೊಳ್ಳುವ ಕೆಲಸಕ್ಕೆ. ಹೈದರಾಬಾದಿನಲ್ಲಿ ಯಜಮಾನನಾಗಿರಬಹುದಾದವರು ಅಲ್ಲಿ ಕೂಮನ್ ಎಂಬವರ ಕೈಕೆಳಗಿನ ಸಹಾಯಕರಾಗಿ, ಹೊಸ ಋತುವು ಮೊದಲಾಗುವುದಕ್ಕೆ ಮುಂಚೆಯೇ, ಉಭಯಸಮ್ಮತಿಯಿಂದ ಹೊರಟುಹೋದರು.

ಇಲ್ಲಿ ನ್ಯಾಯದ ಪ್ರಶ್ನೆಯು ಸುಲಭವಾಗಿ ತೀರುವಂಥದು. ಒಡೆಯನಿಗೂ ಸೇವಕನಿಗೂ ಕರಾರು ಉಂಟು. ಇಬ್ಬರೂ ಒಪ್ಪಿ ಅದನ್ನು ಮುರಿದರೆ ಮೂರನೆಯವನು ಕೇಳತಕ್ಕದ್ದೇನೂ ಇಲ್ಲ. ಆದರೆ ಆ ಮೂರನೆಯವನೇ ಅಲ್ಲವೆ ಹಣ ತೆತ್ತು ಚೀಟಿ ಕೊಂಡು, ಗಂಟಲು ಬತ್ತುವಂತೆ ಕೂಗಿ, ಸೋತ ರಾತ್ರಿ ಉಣ್ಣದೆ ಮಲಗುವವನು? ಅವನ ಪ್ರೀತಿಗೆ ಯಾವ ಕಾಗದದಲ್ಲಿಯೂ ರುಜುವಿಲ್ಲ. ಅದಕ್ಕಾಗಿಯೇ ಅವನ ಸಿಟ್ಟಿಗೆ ವಿಳಾಸವಿಲ್ಲದೆ ಹೋಗುತ್ತದೆ. ಹುಡುಗನಿಗೆ ನಾನು ಒಂದು ಮಾತನ್ನು ಮಾತ್ರ ಕೇಳಿದೆನು: "ನಿಮ್ಮವರು ರೋಕಾ ಅವರನ್ನು ಕರೆತಂದುದು ಬೆಂಗಳೂರಿನಲ್ಲಿ ಅವರು ಗಳಿಸಿದ ಹೆಸರನ್ನು ನೋಡಿಯಲ್ಲವೆ? ಆಗ ಅದು ಜಾಣತನವಾಗಿತ್ತು. ಬಾರ್ಸಿಲೋನಾದವರು ಅದನ್ನೇ ಮಾಡಿದರೆ ಕಳ್ಳತನವೆ?" ಅವನು ಸುಮ್ಮನಾದನು. ಆದರೆ ಎದುರಾಳಿಯ ಬಾಯನ್ನು ಮುಚ್ಚಿಸುವುದು ಬೇರೆ, ಅವನ ನೋವಿಗೆ ಉತ್ತರ ಹೇಳುವುದು ಬೇರೆ. ತರ್ಕಶಾಸ್ತ್ರವನ್ನು ಓದಿದವರು ಇದನ್ನು ಪದೇ ಪದೇ ಮರೆಯುತ್ತೇವೆ.

ವಿಶಾಖದತ್ತನ ಮುದ್ರಾರಾಕ್ಷಸವನ್ನು ಬಲ್ಲವರಿಗೆ ಈ ಪ್ರಸಂಗವು ಹೊಸದಲ್ಲ. ಸಂಸ್ಕೃತವರಿಯದವರೂ 1823ರಲ್ಲಿ ಕೆಂಪುನಾರಾಯಣನು ರಚಿಸಿದ ಮುದ್ರಾಮಂಜೂಷದಿಂದ ಆ ಕಥೆಯನ್ನು ಅರಿಯಬಹುದು. ನಂದರು ಅಳಿದ ಮೇಲೆಯೂ ಅವರ ಅಮಾತ್ಯನಾದ ರಾಕ್ಷಸನು ಅವರ ಪಕ್ಷವನ್ನು ಬಿಡಲೊಲ್ಲನು. ಚಾಣಕ್ಯನಿಗೆ ಅವನನ್ನು ಕೊಲ್ಲಿಸುವುದು ಬೇಕಿಲ್ಲ. ಚಂದ್ರಗುಪ್ತನ ಮಂತ್ರಿಯನ್ನಾಗಿ ಪಡೆಯುವುದೇ ಬೇಕು. ಏಕೆಂದರೆ ಸತ್ತ ಒಡೆಯರಿಗೂ ನಿಷ್ಠನಾಗಿರುವವನು ದೊರೆತರೆ ಅವನಿಗಿಂತ ಹೆಚ್ಚಿನ ಲಾಭವಿಲ್ಲ. ಇಲ್ಲಿಯ ತೊಡಕನ್ನು ನೋಡಿರಿ. ಯಾವ ಗುಣಕ್ಕಾಗಿ ಅವನು ಬೇಕೋ, ಅವನು ಬರುವುದೆಂದರೆ ಆ ಗುಣಕ್ಕೆ ಭಂಗ ಬರುವುದೆಂದೇ ಅರ್ಥ. ಕಡೆಗೆ ರಾಕ್ಷಸನು ಒಪ್ಪುವುದೂ ಪದವಿಯ ಆಸೆಯಿಂದಲ್ಲ, ವಧ್ಯಸ್ಥಾನಕ್ಕೆ ಒಯ್ಯಲ್ಪಟ್ಟ ಮಿತ್ರನಾದ ಚಂದನದಾಸನ ಪ್ರಾಣವನ್ನು ಉಳಿಸುವುದಕ್ಕಾಗಿ. ದೊಡ್ಡ ಮನೆಯವರು ಸಣ್ಣ ಮನೆಯ ಕುಶಲನನ್ನು ಕರೆಯುವಾಗಲೂ, ತಾಳ್ಮೆಯಿಂದ ಕಟ್ಟಿ ನಿಲ್ಲಿಸುವವನೆಂದೇ ಕರೆಯುತ್ತಾರೆ. ಕರೆದ ಗಳಿಗೆಯಿಂದಲೇ ಅವನನ್ನು ಅರ್ಧದಲ್ಲಿ ಬಿಟ್ಟು ಹೋಗುವವನನ್ನಾಗಿ ಮಾಡುತ್ತಾರೆ. ತಪ್ಪಿನಲ್ಲಿ ಕರೆದವರಿಗೆ ಪಾಲಿದ್ದರೆ ಅದು ಇಲ್ಲಿದೆಯೆಂದು ನನಗೆ ತೋರುತ್ತದೆ.

ಇನ್ನು ಹೋದವನ ಮಾತು. ಸಂಬಳಕ್ಕೆ ಪಾಠ ಹೇಳುವವನನ್ನು ನಮ್ಮ ಸ್ಮೃತಿಕಾರರು ಭೃತಕಾಧ್ಯಾಪಕನೆಂದು ಕರೆದು ಶ್ರಾದ್ಧದ ಪಂಕ್ತಿಯಿಂದ ಹೊರಗಿಟ್ಟರು. ನಾನು ಮೂವತ್ತು ವರ್ಷಗಳಿಗೂ ಮೀರಿ ಭೃತಕಾಧ್ಯಾಪಕನೇ ಆಗಿದ್ದೆನು; ಅದಕ್ಕಾಗಿ ನಾಚಿಕೆಪಟ್ಟವನಲ್ಲ. ಕುರುಗೋಡಿನ ಬಳಿ ಖಾಸಗಿಯವರು ನಡೆಸುತ್ತಿದ್ದ ಒಂದು ಪ್ರೌಢಶಾಲೆಯಲ್ಲಿ ನಾನು ಸಂಸ್ಕೃತವನ್ನು ಕಲಿಸುತ್ತಿದ್ದ ಕಾಲಕ್ಕೆ ಎಸ್.ಎಸ್.ಎಲ್.ಸಿ. ತರಗತಿಯ ಫಲವು ಎರಡು ವರ್ಷ ಒಳ್ಳೆಯದಾಗಿ ಬಂದಿತು. ಅದನ್ನು ಕೇಳಿ ಬಳ್ಳಾರಿಯ ದೊಡ್ಡ ಶಾಲೆಯೊಂದರವರು ಹೇಳಿಕಳುಹಿಸಿದರು. ಸಂಬಳವು ಹೆಚ್ಚು, ಮಕ್ಕಳ ಓದಿಗೂ ನಗರವೇ ಅನುಕೂಲ. ಕಾರ್ತಿಕಮಾಸದಲ್ಲಿ, ಸಮಾಸಪ್ರಕರಣವು ಅರ್ಧಕ್ಕೆ ನಿಂತಿರುವಾಗ, ನಾನು ಹೊರಟೆನು. ದೊಡ್ಡಬಸವೇಶ್ವರನ ಗುಡಿಯ ಮುಂದೆ ಒಬ್ಬ ವಿದ್ಯಾರ್ಥಿಯ ತಂದೆಯು ಎದುರಾದನು. ಬೈಯಲಿಲ್ಲ. "ಹೋಗ್ರಿ ಮಾಸ್ತರ, ಬ್ಯಾಡ ಅನ್ನಂಗಿಲ್ಲ. ಮಾರ್ಚಿನ ತನಕ ತಡದಿದ್ರ ಏನಾಗ್ತಿತ್ತು?" ಎಂದನು. ಅವನಿಗೆ ಉತ್ತರವನ್ನು ಆಗ ಹೇಳಲಿಲ್ಲ; ಇಂದಿಗೂ ನನ್ನಲ್ಲಿ ಇಲ್ಲ. ಆ ದೊಡ್ಡ ಶಾಲೆಯವರು ಮಾರ್ಚಿಯವರೆಗೆ ಕಾಯುತ್ತಿದ್ದರೋ ಏನೋ! ನಾನು ಕೇಳಲೇ ಇಲ್ಲ.

ಆ ರೈತನು ನನ್ನನ್ನು ಊರಿನ ಸೊತ್ತೆಂದು ತಿಳಿದಿರಲಿಲ್ಲ. ಹೋಗುವುದಕ್ಕೆ ಅವನ ಅಡ್ಡಿಯಿರಲಿಲ್ಲ. ಕೈಗೆ ತೆಗೆದುಕೊಂಡ ಪಾಠವನ್ನು ಮುಗಿಸಿ ಹೋಗೆಂಬುದಷ್ಟೇ ಅವನ ಬೇಡಿಕೆ. ಕ್ಲಬ್ಬನ್ನು ನೆಚ್ಚಿದ ಅಭಿಮಾನಿಗೂ ಅಷ್ಟರಮಟ್ಟಿನ ಹಕ್ಕು ಇದೆಯೆಂದು ನಾನು ನಂಬುತ್ತೇನೆ, ಅದಕ್ಕೆ ರುಜುವಿಲ್ಲದಿದ್ದರೂ.

ಹೈದರಾಬಾದಿನ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ರೋಕಾ ಅವರ ಸ್ಥಾನಕ್ಕೆ ಬಂದ ಮನೋಲೋ ಮಾರ್ಕೆಸ್ ಎಂಬ ಇನ್ನೊಬ್ಬ ಸ್ಪೇನಿನವರು ಕಡೆಯ ತಂಡವನ್ನು 2022ರ ಮಾರ್ಚಿಯಲ್ಲಿ ಇಂಡಿಯನ್ ಸೂಪರ್ ಲೀಗಿನ ವಿಜಯಿಯನ್ನಾಗಿ ಮಾಡಿದರು. ಕೋವಿಡ್ ಕಾರಣದಿಂದ ಆ ಋತುವಿನ ಪಂದ್ಯಗಳೆಲ್ಲ ಗೋವಾದಲ್ಲಿ ನಡೆದುವು. ನಮ್ಮ ಹುಡುಗನು ಆ ಗೆಲುವನ್ನು ಕಂಡದ್ದು ಅಂಗೈಯಗಲದ ಪರದೆಯ ಮೇಲೆ. ಮುಂದಿನ ಋತುವಿನಲ್ಲಿಯೂ ತಂಡವು ಎರಡನೆಯ ಸ್ಥಾನದಲ್ಲಿ ನಿಂತಿತು. 2023ರಲ್ಲಿ ಮಾರ್ಕೆಸ್ ಅವರೂ ಗೋವಾದ ಕ್ಲಬ್ಬಿಗೆ ಹೋದರು. ಆದರೆ ಇವರು ಮೂರು ಋತುಗಳ ಕೆಲಸವನ್ನು ಮುಗಿಸಿ ಹೋದವರು. ಇವರನ್ನು ಕುರಿತು ಹುಡುಗನ ಬಾಯಿಂದ ಒಂದು ಕಹಿಮಾತೂ ಬರಲಿಲ್ಲವೆಂಬುದನ್ನು ನಾನು ಗಮನಿಸಿದೆನು.

ಅನಂತರ ಕ್ಲಬ್ಬಿಗೆ ಹಣದ ಮುಗ್ಗಟ್ಟು ಬಂದಿತು, ಆಟಗಾರರು ಚದರಿದರು, ಒಡೆತನವು ಕೈಬದಲಾಯಿತು. 2025ರಲ್ಲಿ ಕ್ಲಬ್ಬೇ ಹೆಸರು ಬದಲಿಸಿಕೊಂಡು ದಿಲ್ಲಿಗೆ ಹೋಯಿತು. ಶಿಕ್ಷಕರು ಹೋದರು, ಆಟಗಾರರು ಹೋದರು, ಒಡೆಯರೂ ಹೋದರು. "ಇನ್ನು ಯಾರ ಪಕ್ಷ ನೀನು?" ಎಂದು ಕೇಳಿದೆನು. ಹುಡುಗನು ಎದ್ದು ಹೋಗಿ, ತನ್ನ ಚೀಲದಿಂದ ಮಾಸಿದ ಹಳದಿ ಅಂಗಿಯೊಂದನ್ನು ತೆಗೆದು, ಒಗೆಯುವುದಕ್ಕೆಂದು ಅವನ ಅಜ್ಜಿಯ ಕೈಗೆ ಕೊಟ್ಟನು.